ಅಪರಾಧ ಹಿಡಿಯುವದೋ, ಅಪರಾಧ ಹುಟ್ಟಿಸುವದೋ?

ಚಂದಾ ಕೂಡಿಸುವ ಸಲುವಾಗಿ ನಾವು ಇತ್ತೀಚೆಗೆ ಅಮ್ಮಿನಬಾವಿಗೆ ಹೋಗಿದ್ದೆವು. ಧಾರವಾಡದಿಂದ ಸವದತ್ತಿಯ ದಾರಿ ಹಿಡಿದರೆ ಸಿಗುವ ದೊಡ್ಡ ಊರು ಅದು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಬರುವ ಮಲಪ್ರಭೆಯ ನೀರು ಅಲ್ಲಿಯೇ ಶುದ್ಧವಾಗಿ ಮುಂದೆ ಬರುತ್ತದೆ. ಅಲ್ಲಿ ಚಹ, ಬೀಡಿ, ಎಲೆ-ಅಡಿಕೆ ಮಾರಿ ಸಂಸಾರ ಸಾಗಿಸುವ ಒಬ್ಬ ಅಂಗಡಿಕಾರರು ನಮ್ಮನ್ನು ಕೂಡ್ರಿಸಿಕೊಂಡು ಚಹ ಕೊಟ್ಟರು. ಸುತ್ತಮುತ್ತ ಯಾರೂ ಇಲ್ಲವೆಂಬದನ್ನು ನೋಡಿಕೊಂಡು ಒಂದು ಪ್ರಶ್ನೆ ಕೇಳಿದರು.

ಅವರ ಅಕ್ಕನ ಮಗ ಹತ್ತಿಯ ಜಿನ್ನಿನಲ್ಲಿ ಹಂಗಾಮಿ ಕೆಲಸಗಾರ. ಹಂಗಾಮು ಮುಗಿದರೆ ಕೂಲಿಯೂ ಮುಗಿಯಿತು. ಆಗ ಆ ಹುಡುಗ ಮಾವನ ಅಂಗಡಿಯಲ್ಲಿ ಕೂಡ್ರುತ್ತಾನೆ. ಮೈಮೇಲೆ ಸಾಲವಿದೆ. ಅಂಗಡಿಗೆ ಒಬ್ಬ ಅಪರಿಚಿತ ಬರಹತ್ತಿದ. ಮೊದಲು ಸಿಗರೇಟು ಕೊಂಡ, ಆ ಮೇಲೆ ಗಾಂಜಾ ಕೇಳಿದ. ಮುಂದಿನ ಮಾತನ್ನು ಅಂಗಡಿಕಾರರ ಬಾಯಿಂದಲೇ ಕೇಳಬೇಕು:

"ಅಣ್ಣಾವರ, ನಮ್ಮ ಹುಡುಗ ಬೀಡಿ ಸುದ್ದಾ ಸೇದಾಂವಲ್ಲ. ಆ ಮನಿಶಾ ನಾಕು ಸಲ ಬಂದ. ‘ನಿನ್ನ ಕಡೆ ಇಲ್ಲದಿದ್ದರ ಎಲ್ಲಿಂದರ ತರಿಸಿಕೊಡು, ದುಪ್ಪಟ್ಟು ರೊಕ್ಕ ಕೊಡ್ತೀನಿ’ ಅಂದ. ಮೊದಲನೇ ಸಲ ಒಲ್ಲೆ ಅಂದ ಹುಡುಗ ನಾಕನೇ ಸಲಕ್ಕ ‘ನೋಡೂಣು’ ಅಂದಾನ. ನನ್ನ ಕಿವೀಗೆ ಬಿದ್ದದ್ದು ಪುಣ್ಯಾ. ಆ ಮನಿಶಾ ಖರೇನ ಗಿರಾಕಿನೋ, ಪೋಲೀಸರ ಕಡಿಯಾಂವನೋ ನನಗ ಗೊತ್ತಿಲ್ಲ. ಆದರ ಆಂವ ಪೋಲೀಸರ ಕಡಿಯಾಂವ ಇದ್ದು, ಹುಡುಗ ತಂದುಕೊಟ್ಟಿದ್ದರ, ತಪ್ಪು ಯಾರದರೀ?"

ಆ ಅಪರಿಚಿತ ಯಾರೆಂದು ನಮಗೂ ಗೊತ್ತಿಲ್ಲ. ಯಾವ ಠಾಣೆಯ ಮೇಲೂ, ಯಾವ ಫೌಜದಾರರ ಮೇಲೂ ನಾವು ಆರೋಪ ಹೊರಿಸುತ್ತಿಲ್ಲ. ಆದರೆ ಪ್ರಶ್ನೆ ದೊಡ್ಡದು. ಚಹದ ಅಂಗಡಿಯಲ್ಲಿ ಕೇಳಿದ್ದೆಂದು ಸಣ್ಣದಾಗುವದಿಲ್ಲ. ಅಂಗಡಿಯ ಮುಂದೆ ಯಾರು ಬಂದು ನಿಲ್ಲುವರೆಂದು ತಿಳಿಯದ ಸಣ್ಣ ವ್ಯಾಪಾರಿಗೂ, ಪಾಳಿ ಮುಗಿಸಿ ಬರುವ ಗಿರಣಿಯ ತರುಣನಿಗೂ ಇದು ಬದುಕಿನ ಪ್ರಶ್ನೆ. ಅದಕ್ಕೆ ನಮ್ಮ ಶಕ್ತ್ಯಾನುಸಾರ ಉತ್ತರ ಕೊಡುವದು ನಮ್ಮ ಕರ್ತವ್ಯ.

ಉತ್ತರ ಕಹಿಯಾಗಿದೆ. ಇಂದಿನ ಕಾನೂನಿನಂತೆ ತಪ್ಪು ಹುಡುಗನದೇ ಆಗುವದು. ಜೈಲಿಗೆ ಹೋಗುವವನು ಅವನೇ. ಆಸೆ ಹಚ್ಚಿದವನು ಹೆಚ್ಚೆಂದರೆ ಸಾಕ್ಷಿಯಾಗುವನು. ಇಲ್ಲವಾದರೆ ಕಾಗದಪತ್ರದಲ್ಲಿ ಹೆಸರೇ ಇಲ್ಲದ ‘ಬಾತ್ಮಿದಾರ’ನಾಗಿ ಉಳಿಯುವನು.

ಕಾನೂನಿನ ಹಿಡಿತ

ಮಾದಕ ಪದಾರ್ಥಗಳ ಬಗ್ಗೆ ದೇಶದಲ್ಲಿ ಜಾರಿಯಲ್ಲಿರುವದು 1985ರ ಕಾಯದೆ. ಜನ ಅದನ್ನು ಎನ್.ಡಿ.ಪಿ.ಎಸ್. ಎಂದು ಕರೆಯುವರು. ಅದು ಬಿಗಿಯಾದ ಕಾಯದೆ. ಮಾದಕ ಮಾರಿ ಮನೆಗಳನ್ನು ಹಾಳುಮಾಡುವವರ ಮೇಲೆ ಕಾಯದೆ ಬಿಗಿಯಾಗಿರಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಿಗಿಯಾದ ಹಗ್ಗ ಯಾರ ಕೊರಳಿಗೆ ಬೀಳುತ್ತದೆಂಬದನ್ನು ನೋಡಲೇಬೇಕು.

ಬೇರೆ ಖಟ್ಲೆಗಳಲ್ಲಿ ಆರೋಪಿಯ ತಪ್ಪನ್ನು ಸರಕಾರ ಸಿದ್ಧಪಡಿಸಬೇಕು. ಈ ಕಾಯದೆಯ 54ನೆಯ ಕಲಮಿನಂತೆ ಮಾಲು ಕೈಯಲ್ಲಿ ಸಿಕ್ಕರೆ ಅಪರಾಧ ಮಾಡಿದನೆಂದೇ ಕೋರ್ಟು ಗ್ರಹಿಸಬಹುದು. 35ನೆಯ ಕಲಮಿನಂತೆ ಆರೋಪಿಯ ಮನಸ್ಸಿನಲ್ಲಿ ಅಪರಾಧದ ಉದ್ದೇಶವಿತ್ತೆಂದೂ ಗ್ರಹಿಸತಕ್ಕದ್ದು. ‘ನನಗೆ ಆ ಉದ್ದೇಶವಿರಲಿಲ್ಲ’ ಎಂದು ತೋರಿಸುವ ಹೊರೆ ಆರೋಪಿಯದೇ. ಅದನ್ನೂ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಸರಕಾರವು ಮೊದಲು ಮೂಲ ಸಂಗತಿಗಳನ್ನು ಸಿದ್ಧಪಡಿಸಿದ ಮೇಲೆಯೇ ಈ ಗ್ರಹಿಕೆ ಸುರುವಾಗುವದೆಂದು 2008ರ ನೂರ್ ಆಗಾ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ಸಮಾಧಾನದ ಮಾತು. ಆದರೆ ನಮ್ಮ ಹುಡುಗನಿಗೆ ಅದರಿಂದೇನು ಉಪಯೋಗ? ಅವನ ಕೈಯಲ್ಲಿ ಮಾಲು ಇದ್ದದ್ದು ಖರೆ, ಕೊಟ್ಟದ್ದೂ ಖರೆ. ಅದು ಅವನ ಕೈಗೆ ಹೇಗೆ ಬಂತು, ಯಾರ ಒತ್ತಾಯದಿಂದ ಬಂತು ಎಂಬ ಪ್ರಶ್ನೆ ಕಾಯದೆಯ ಲೆಕ್ಕದಲ್ಲಿಯೇ ಇಲ್ಲ.

ಬಾತ್ಮಿ ಎಲ್ಲಿಂದ ಬಂತೆಂದು ಹೇಳಿರೆಂದು ಅಧಿಕಾರಿಯನ್ನು ಒತ್ತಾಯಿಸಲು 68ನೆಯ ಕಲಮು ಬಿಡುವದಿಲ್ಲ. ಬಾತ್ಮಿ ಕೊಟ್ಟವನಿಗೆ ಜೀವಭಯವಿರಬಹುದು. ಅವನ ರಕ್ಷಣೆ ಬೇಕೆಂಬದನ್ನು ನಾವು ಒಪ್ಪುವೆವು. ಆದರೆ ಬಾತ್ಮಿ ಕೊಟ್ಟವನೇ ಗಿರಾಕಿಯಾಗಿ ಬಂದು ಆಸೆ ಹಚ್ಚಿದ್ದರೆ? ಅದೇ ಮರೆಯಲ್ಲಿ ಆಸೆ ಹಚ್ಚಿದವನೂ ಅಡಗುವನು. ಮಾಲು ಹಿಡಿಸಿಕೊಟ್ಟ ಬಾತ್ಮಿದಾರನಿಗೂ ಹಿಡಿದ ಅಧಿಕಾರಿಗೂ ಇನಾಮು ಕೊಡುವ ಸರಕಾರಿ ನಿಯಮಗಳಿವೆಯೆಂಬದನ್ನೂ ಓದುಗರು ನೆನಪಿನಲ್ಲಿಡಬೇಕು. ಹಿಡಿಯುವದಕ್ಕೆ ಇನಾಮು ಇದ್ದಲ್ಲಿ, ಹಿಡಿಯಲು ಏನೂ ಇಲ್ಲದಾಗ ಏನಾದರೂ ಹುಟ್ಟಿಸುವ ಆಸೆಯೂ ಹುಟ್ಟುವದು ಮನುಷ್ಯ ಸ್ವಭಾವ.

ತಕ್ಕಡಿ ಯಾರ ಕೈಯಲ್ಲಿ?

ವ್ಯಾಪಾರಿ ಬಂಧುಗಳು ಮುಂದಿನ ಸಂಗತಿಯನ್ನು ಲಕ್ಷ್ಯಗೊಟ್ಟು ಓದಬೇಕು. ಈ ಕಾಯದೆಯಲ್ಲಿ ಶಿಕ್ಷೆ ತೂಕದ ಮೇಲೆ ನಿಲ್ಲುತ್ತದೆ. ಗಾಂಜಾ 1 ಕಿಲೋದವರೆಗಿದ್ದರೆ ‘ಅಲ್ಪ ಪ್ರಮಾಣ’: ಹೆಚ್ಚೆಂದರೆ 1 ವರುಷ ಸಜೆ, ಅಥವಾ 10,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. 1 ಕಿಲೋ ಮೀರಿದರೆ 10 ವರುಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. 20 ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’: 10 ವರುಷಕ್ಕೆ ಕಡಿಮೆಯಿಲ್ಲದಂತೆ 20 ವರುಷದವರೆಗೆ ಸಜೆ, 1 ಲಕ್ಷದಿಂದ 2 ಲಕ್ಷದವರೆಗೆ ದಂಡ.

ಹಾಗಾದರೆ ಗಿರಾಕಿಯ ವೇಷದಲ್ಲಿ ಬಂದವನು ‘ಸ್ವಲ್ಪ ಬೇಡ, ಒಂದೂವರೆ ಕಿಲೋ ತರಿಸು, ಒಮ್ಮೆಲೇ ಒಯ್ಯುತ್ತೇನೆ’ ಎಂದನೆನ್ನಿರಿ. ಆ ಅರ್ಧ ಕಿಲೋದ ಮಾತಿನಿಂದ ಹುಡುಗನ ಮೇಲಿನ ಶಿಕ್ಷೆ 1 ವರುಷದಿಂದ 10 ವರುಷಕ್ಕೆ ಜಿಗಿಯಿತು. ಹುಡುಗನು ತೂಕವನ್ನು ನಿಶ್ಚಯಿಸಲಿಲ್ಲ. ಬಲೆ ಒಡ್ಡಿದವನು ನಿಶ್ಚಯಿಸಿದನು. ಸಂತೆಯಲ್ಲಿ ಮಾರುವವನ ತಕ್ಕಡಿಯನ್ನು ಸರಕಾರಿ ಅಧಿಕಾರಿ ಬಂದು ಮುದ್ರೆಯೊತ್ತಿ ಹೋಗುವನು. ಶಿಕ್ಷೆ ತೂಗುವ ಈ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ತೂಕ ಹೆಚ್ಚಿದರೆ ಜಾಮೀನೂ ದೂರವಾಗುವದು. ವಾಣಿಜ್ಯ ಪ್ರಮಾಣದ ಖಟ್ಲೆಯಲ್ಲಿ, ಆರೋಪಿಯು ಅಪರಾಧಿಯಲ್ಲವೆಂದು ನಂಬಲು ಆಧಾರವಿದೆಯೆಂದೂ, ಬಿಟ್ಟರೆ ಮತ್ತೆ ಅಪರಾಧ ಮಾಡಲಾರನೆಂದೂ ಕೋರ್ಟಿಗೆ ಮನವರಿಕೆಯಾದ ಹೊರತು 37ನೆಯ ಕಲಮು ಜಾಮೀನಿಗೆ ಅಡ್ಡ ಬರುತ್ತದೆ. 2020ರ ಸೆಪ್ಟೆಂಬರದಲ್ಲಿ ಬೆಂಗಳೂರಿನ ಪೋಲೀಸರು ಚಿತ್ರರಂಗದ ಹೆಸರಾದ ನಟಿಯೊಬ್ಬರನ್ನು ಮಾದಕ ಖಟ್ಲೆಯಲ್ಲಿ ಬಂಧಿಸಿದರು. ಅವರಿಗೆ ಜಾಮೀನು ದೊರೆತದ್ದು 2021ರ ಜನೇವರಿಯಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ದಿಲ್ಲಿಯವರೆಗೆ ವಕೀಲರನ್ನು ಕಳಿಸಬಲ್ಲವರಿಗೇ ನಾಲ್ಕು ತಿಂಗಳ ಮೇಲಾಯಿತು. ಜಿನ್ನಿನ ಹಂಗಾಮಿ ಕೆಲಸಗಾರನ ತಾಯಿ ಧಾರವಾಡದ ಕೋರ್ಟಿನ ಮೆಟ್ಟಿಲು ಹತ್ತಲಿಕ್ಕೆ ಬಸ್ಸಿನ ಖರ್ಚನ್ನು ಎಲ್ಲಿಂದ ತರಬೇಕು?

ಸುಪ್ರೀಂ ಕೋರ್ಟು ಬೈದಿದೆ, ಆದರೆ...

ಪೋಲೀಸರು ಬಲೆಯೊಡ್ಡುವ ಪ್ರಶ್ನೆ ನಮ್ಮ ಕೋರ್ಟುಗಳಿಗೆ ಹೊಸದಲ್ಲ. ಅದು ಬಂದದ್ದು ಲಂಚದ ಖಟ್ಲೆಗಳ ದಾರಿಯಿಂದ. ವಿಂಧ್ಯ ಪ್ರದೇಶದ ಮಂತ್ರಿಯಾಗಿದ್ದ ರಾವ್ ಶಿವಬಹಾದೂರ್ ಸಿಂಗರು ಪನ್ನಾದ ವಜ್ರದ ಗಣಿಯ ವ್ಯವಹಾರದಲ್ಲಿ 25,000 ರೂಪಾಯಿ ಲಂಚ ತೆಗೆದುಕೊಂಡರೆಂಬ ಖಟ್ಲೆ 1954ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೊಡುವವನ ಬಳಿ ಆ ಹಣ ಇರಲಿಲ್ಲ, ಪೋಲೀಸರೇ ಒದಗಿಸಿದ್ದರು. ಭ್ರಷ್ಟಾಚಾರವನ್ನು ಹಿಡಿಯಲು ಒಮ್ಮೊಮ್ಮೆ ಬಲೆ ಬೇಕಾಗಬಹುದು. ಆದರೆ ಕೊಡುವ ಶಕ್ತಿಯೇ ಇಲ್ಲದವನ ಕೈಗೆ ಹಣ ಕೊಟ್ಟು ಲಂಚವನ್ನು ನಡೆಯಿಸುವದು ಪೋಲೀಸರಿಗೆ ಸಲ್ಲದು ಎಂಬ ಅರ್ಥದಲ್ಲಿ ಕೋರ್ಟು ಖಂಡಿಸಿತು. ನ್ಯಾಯಾಸನದಲ್ಲಿ ಕೂಡ್ರಬೇಕಾದ ಮ್ಯಾಜಿಸ್ಟ್ರೇಟರನ್ನು ಬಲೆಗೆ ಸಾಕ್ಷಿಯಾಗಿ ಒಯ್ದದ್ದನ್ನೂ ಖಂಡಿಸಿತು.

1956ರ ರಾಮಜನಂ ಸಿಂಗ್ ಖಟ್ಲೆಯಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ಇನ್ನೂ ಸ್ಪಷ್ಟವಾಗಿ ಮಾತಾಡಿದರು. ಒಬ್ಬ ಮನುಷ್ಯನ ಒಲವು ಎಂಥದೇ ಇರಲಿ, ಅವನ ದುರ್ಬಲ ಮನಸ್ಸು ತಾಳಲಾರದಷ್ಟು ಆಸೆ ಹಚ್ಚಿ ಅವನಿಂದ ಕಾನೂನು ಮುರಿಸಬಾರದು. ಅದರಲ್ಲಿಯೂ ಕಾನೂನನ್ನು ಕಾಯಬೇಕಾದವರೇ ಹಾಗೆ ಮಾಡಬಾರದು—ಇದು ಅವರ ಅಭಿಪ್ರಾಯದ ಸಾರ. ಬೇಲಿಯೇ ಎದ್ದು ಹೊಲ ಮೇಯಬಾರದೆಂಬ ನಮ್ಮ ಹಿರಿಯರ ಮಾತನ್ನೇ ಅವರು ನ್ಯಾಯದ ಭಾಷೆಯಲ್ಲಿ ಹೇಳಿದರೆನ್ನಬೇಕು.

ಇಷ್ಟು ಒಳ್ಳೆಯ ಮಾತು ಬಂದ ಮೇಲೆ ನಮ್ಮ ಹುಡುಗನಿಗೆ ರಕ್ಷಣೆ ದೊರೆಯಬೇಕಲ್ಲವೆ? ಇಲ್ಲ. ಯಾಕಂದರೆ 1954ರ ಆ ಖಟ್ಲೆಯಲ್ಲಿಯೇ ಕೋರ್ಟು ಪೋಲೀಸರನ್ನು ಖಂಡಿಸಿತು, ಆದರೆ ಮಂತ್ರಿಗಳ ಶಿಕ್ಷೆಯನ್ನು ಉಳಿಸಿತು. ಲಂಚ ತಿಂದ ಮಂತ್ರಿಗೆ ಶಿಕ್ಷೆಯಾದದ್ದಕ್ಕೆ ನಮಗೆ ದುಃಖವಿಲ್ಲ. ಆದರೆ ಅದರಿಂದ ಬಿದ್ದ ದಾರಿಯನ್ನು ನೋಡಿರಿ: ಪೋಲೀಸರಿಗೆ ಬೈಗಳು, ಬಲೆಗೆ ಬಿದ್ದವನಿಗೆ ಜೈಲು. 1958ರ ಬಸಾವನ್ ಸಿಂಗ್ ಖಟ್ಲೆಯಲ್ಲಿ ಬಲೆಯ ಸಾಕ್ಷಿಗಳು ಸ್ವಾರ್ಥವುಳ್ಳ ಸಾಕ್ಷಿಗಳು, ಅವರ ಮಾತನ್ನು ಎಚ್ಚರದಿಂದ ತೂಗಬೇಕೆಂದು ಹೇಳಿದ್ದೂ ಉಂಟು. 1973ರ ಕೊನೆಗೆ ತೀರ್ಮಾನವಾದ ಪೂರಣಮಲ್ ಖಟ್ಲೆಯಿಂದ, ಶೋಧನೆ ಕಾನೂನುಬಾಹಿರವಾಗಿದ್ದರೂ ಸಿಕ್ಕ ಸಾಕ್ಷ್ಯವನ್ನು ಅಷ್ಟರಿಂದಲೇ ತಳ್ಳಿಹಾಕಬೇಕಾಗಿಲ್ಲವೆಂಬ ಮಾತು ಗಟ್ಟಿಯಾಯಿತು. 2014ರ ರಜತ್ ಪ್ರಸಾದ್ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಅಮೇರಿಕೆ, ಕೆನಡಾ, ಇಂಗ್ಲಂಡಗಳ ತೀರ್ಪುಗಳನ್ನು ಎದುರಿಗಿಟ್ಟುಕೊಂಡು ಚರ್ಚಿಸಿತು. ಆದರೂ ‘ಪೋಲೀಸರೇ ಹುಟ್ಟಿಸಿದ ಅಪರಾಧಕ್ಕೆ ಖಟ್ಲೆ ನಡೆಯಕೂಡದು’ ಎಂಬ ನಿಶ್ಚಿತ ನಿಯಮ ಭಾರತದ ಬಡ ಆರೋಪಿಗೆ ಇನ್ನೂ ದೊರೆತಿಲ್ಲ.

ಒಬ್ಬ ಗಿರಣಿ ಕೆಲಸಗಾರನ ಕಥೆ

ಹೊರನಾಡುಗಳಲ್ಲಿ ಈ ನಿಯಮ ಹೇಗೆ ಬಂತೆಂಬದನ್ನು ನಮ್ಮ ಗಿರಣಿಯ ಬಂಧುಗಳು ತಿಳಿಯಬೇಕು. ಯಾಕಂದರೆ ಅದು ಅವರಂಥವನೊಬ್ಬನ ಖಟ್ಲೆಯಿಂದಲೇ ಬಂದದ್ದು.

1930ರಲ್ಲಿ ಅಮೇರಿಕೆಯಲ್ಲಿ ಪಾನನಿರೋಧವಿತ್ತು. ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ ಸೊರೆಲ್ಸ್ ಎಂಬವನೊಬ್ಬನಿದ್ದ. ಕ್ಯಾಂಟನ್ ಊರಿನ ಚಾಂಪಿಯನ್ ಫೈಬರ್ ಕಂಪನಿಯಲ್ಲಿ ದುಡಿಯುತ್ತಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಕಾದಾಡಿ ಬಂದಿದ್ದ. ಆ ವರುಷದ ಜುಲೈ ತಿಂಗಳಲ್ಲಿ ಪಾನನಿರೋಧ ಖಾತೆಯ ಅಧಿಕಾರಿಯೊಬ್ಬ ಪ್ರವಾಸಿಯ ವೇಷದಿಂದ ಅವನ ಮನೆಗೆ ಬಂದು ಮದ್ಯ ಕೇಳಿದ. ಇಲ್ಲವೆಂದ. ಮತ್ತೆ ಕೇಳಿದ, ಮತ್ತೆ ಇಲ್ಲವೆಂದ. ತಾನೂ ಅದೇ ಸೈನ್ಯದ ತುಕಡಿಯಲ್ಲಿದ್ದವನೆಂದು ಹೇಳಿ, ಯುದ್ಧದ ಹಳೆಯ ಮಾತು ತೆಗೆದು, ಸ್ನೇಹ ಬೆಳೆಸಿ, ಪುನಃ ಕೇಳಿದ. ಕೊನೆಗೆ ಸೊರೆಲ್ಸ್ ಎದ್ದು ಹೋಗಿ ಅರ್ಧ ಗ್ಯಾಲನ್ ಮದ್ಯ ತಂದುಕೊಟ್ಟು 5 ಡಾಲರ್ ತೆಗೆದುಕೊಂಡ. ಅಲ್ಲಿಗೆ ಖಟ್ಲೆ ಸಿದ್ಧವಾಯಿತು. 1932ರಲ್ಲಿ ಅಮೇರಿಕೆಯ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಪಡಿಸಿತು. ಅಪರಾಧದ ಯೋಚನೆ ಅಧಿಕಾರಿಗಳ ತಲೆಯಲ್ಲಿ ಹುಟ್ಟಿ, ಅವರು ಅದನ್ನು ನಿರಪರಾಧಿಯ ಮನಸ್ಸಿನಲ್ಲಿ ಬಿತ್ತಿ, ಆ ಮೇಲೆ ಅವನ ಮೇಲೆ ಖಟ್ಲೆ ಹೂಡುವದು ಶಾಸನದ ಉದ್ದೇಶವಾಗಿರಲಾರದು ಎಂದಿತು.

1958ರಲ್ಲಿ ಶರ್ಮನ್ ಎಂಬವನ ಖಟ್ಲೆ ಬಂತು. ಇದು ಮಾದಕ ಮಾರಾಟದ್ದೇ. ಚಟ ಬಿಡಲು ಔಷಧೋಪಚಾರಕ್ಕೆಂದು ಡಾಕ್ಟರರ ಬಳಿ ಹೋಗುತ್ತಿದ್ದವನಿಗೆ ಅಲ್ಲಿಯೇ ಸರಕಾರದ ಬಾತ್ಮಿದಾರ ಗಂಟುಬಿದ್ದ. ‘ನನಗೆ ಔಷಧ ನಾಟುತ್ತಿಲ್ಲ, ಸಂಕಟ ತಾಳಲಾರೆ, ಎಲ್ಲಿಂದಾದರೂ ತಂದುಕೊಡು’ ಎಂದು ಮೇಲಿಂದ ಮೇಲೆ ಗೋಗರೆದ. ಕರಗಿ ತಂದುಕೊಟ್ಟವನು ಸಿಕ್ಕಿಬಿದ್ದ. ಆ ಶಿಕ್ಷೆಯನ್ನೂ ಕೋರ್ಟು ಕಿತ್ತುಹಾಕಿತು. ಕೂಸನ್ನು ಚಿವುಟುವವರೂ ನೀವೇ, ತೊಟ್ಟಿಲು ತೂಗುವವರೂ ನೀವೇ ಆಗಬಾರದೆಂಬದೇ ಅದರ ತಾತ್ಪರ್ಯ.

ಇಂಗ್ಲಂಡದಲ್ಲಿ 2001ರಲ್ಲಿ ಲಾರ್ಡರ ಸಭೆಯ ನ್ಯಾಯಾಧೀಶರ ಮುಂದೆ ಎರಡು ಖಟ್ಲೆಗಳು ಕೂಡಿ ಬಂದವು. ಲೂಸ್ಲಿ ಎಂಬವನ ಖಟ್ಲೆಯಲ್ಲಿ ಪೋಲೀಸನು ಗಿರಾಕಿಯಂತೆ ಕೇಳಿದ, ಅವನು ಸಹಜವಾಗಿ ಒಪ್ಪಿ ತಂದುಕೊಟ್ಟ. ಇದರಲ್ಲಿ ಪೋಲೀಸರ ತಪ್ಪಿಲ್ಲವೆಂದಾಯಿತು. ಇನ್ನೊಂದರಲ್ಲಿ ಪೋಲೀಸರೇ ಒಬ್ಬನಿಗೆ ಅಗ್ಗದ ಕಳ್ಳಮಾಲಿನ ಸಿಗರೇಟು ಕೊಟ್ಟು, ಋಣದಲ್ಲಿ ಸಿಗಿಸಿ, ತನಗೆ ಹೆರಾಯಿನ್ ಸಂಬಂಧವೇ ಇಲ್ಲವೆನ್ನುತ್ತಿದ್ದವನಿಂದ ಹೆರಾಯಿನ್ ತರಿಸಿದ್ದರು. ಈ ಖಟ್ಲೆಯನ್ನು ತಡೆದದ್ದು ಸರಿಯೆಂದಾಯಿತು. ನ್ಯಾಯಾಧೀಶರು ಹಾಕಿದ ಒರೆಗಲ್ಲು ಅಂಗಡಿಕಾರರಿಗೆ ಕೂಡಲೇ ತಿಳಿಯುವಂಥದು: ಸಾಮಾನ್ಯ ಗಿರಾಕಿ ಮಾಡುವದಕ್ಕಿಂತ ಹೆಚ್ಚಿನದನ್ನು ಪೋಲೀಸನು ಮಾಡಿದನೇ?

ಅಮೇರಿಕೆಯ ಕೋರ್ಟು ‘ಆರೋಪಿ ಮೊದಲೇ ಎಂಥವನಿದ್ದ?’ ಎಂದು ಕೇಳುತ್ತದೆ. ಇಂಗ್ಲಂಡದ ಕೋರ್ಟು ‘ಪೋಲೀಸರು ಏನು ಮಾಡಿದರು?’ ಎಂದು ಕೇಳುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಯಾಕಂದರೆ ‘ಇವನು ಎಂಥವನು’ ಎಂದು ನಮ್ಮಲ್ಲಿ ಬರೆಯುವದು ಠಾಣೆಯ ಪುಸ್ತಕ. ಆ ಪುಸ್ತಕದಲ್ಲಿ ಬಡಕೇರಿಯ ಹುಡುಗರ ಹೆಸರು ಬೇಗ ಏರುತ್ತವೆ, ಇಳಿಯುವದು ಕಷ್ಟ. ಒಮ್ಮೆ ಜಗಳದಲ್ಲಿ ಸಿಕ್ಕವನು, ಮುಷ್ಕರದಲ್ಲಿ ಕೂಗಿದವನು, ಇವರೆಲ್ಲ ‘ಒಲವುಳ್ಳವರು’ ಆಗಿಬಿಟ್ಟಾರು.

ಪೋಲೀಸರ ಕಡೆಯ ಮಾತು

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ಕಳುವಾದರೆ ಮನೆಯವನು ಫಿರ್ಯಾದಿ ಕೊಡುವನು. ಮಾದಕದ ವ್ಯವಹಾರದಲ್ಲಿ ಕೊಟ್ಟವನೂ ಒಪ್ಪಿದವ, ಕೊಂಡವನೂ ಒಪ್ಪಿದವ, ಫಿರ್ಯಾದಿ ಕೊಡುವವರಿಲ್ಲ. ಗಿರಾಕಿಯ ವೇಷ ಹಾಕದೆ ನಾವು ಹಿಡಿಯುವದು ಹೇಗೆಂದು ಪೋಲೀಸರು ಕೇಳುವರು. ಆ ಮಾತಿನಲ್ಲಿ ಹುರುಳಿದೆ. ಮಗನು ಚಟಕ್ಕೆ ಬಿದ್ದು ಮನೆಯ ಪಾತ್ರೆ ಮಾರಿದ್ದನ್ನು ಕಂಡ ತಾಯಂದಿರು ನಮ್ಮ ಊರುಗಳಲ್ಲಿದ್ದಾರೆ. ‘ಬಲೆಯನ್ನಾದರೂ ಬೀಸಿರಿ, ಏನನ್ನಾದರೂ ಮಾಡಿರಿ, ಆ ಮಾರುವವನನ್ನು ಹಿಡಿಯಿರಿ’ ಎಂದು ಅವರು ಅಂದರೆ ನಾವು ಅವರ ಮುಂದೆ ಕಾನೂನಿನ ಪಾಠ ಹೇಳುವವರಲ್ಲ.

ಆದ್ದರಿಂದ ನಾವು ನಕಲಿ ಗಿರಾಕಿ ಬೇಡವೇ ಬೇಡವೆನ್ನುವದಿಲ್ಲ. ತೆರೆದ ಅಂಗಡಿಗೆ ಹೋಗಿ ಕೊಳ್ಳುವದು ಒಂದು. ಅಂಗಡಿಯೇ ಇಲ್ಲದವನಿಂದ ಅಂಗಡಿ ತೆರೆಸಿ ಕೊಳ್ಳುವದು ಇನ್ನೊಂದು. ಮೊದಲನೆಯದರಲ್ಲಿ ಅಪರಾಧ ಮೊದಲೇ ಇತ್ತು, ಪೋಲೀಸರು ಕಂಡರು. ಎರಡನೆಯದರಲ್ಲಿ ಅಪರಾಧ ಇರಲಿಲ್ಲ, ಪೋಲೀಸರು ಮಾಡಿಸಿದರು. ಮೊದಲನೆಯದರಿಂದ ಊರಿನ ವಿಷ ಅಷ್ಟು ಕಡಿಮೆಯಾಗುವದು. ಎರಡನೆಯದರಿಂದ ಊರಿಗೆ ಒಂದಿಷ್ಟು ವಿಷ ಹೆಚ್ಚು ಬಂದು ಒಬ್ಬ ಮಗ ಕಡಿಮೆಯಾಗುವನು. ಆ ತಾಯಂದಿರ ಕಣ್ಣೀರಿಗೆ ಇದು ಉತ್ತರವಲ್ಲ.

ಮಾಲಿನ ಬೆನ್ನು ಹತ್ತಿ ಒಡೆಯನನ್ನು ಹಿಡಿಯಲು ಕಾಯದೆಯೇ ದಾರಿ ತೋರಿಸಿದೆ. 2001ರ ತಿದ್ದುಪಡಿಯಿಂದ ಸೇರಿದ 50-ಎ ಕಲಮಿನಂತೆ, ಹೊರಟ ಮಾಲನ್ನು ತಡೆಯದೆ, ಕಣ್ಣಿಟ್ಟು, ಅದು ತಲುಪುವ ಜಾಗದವರೆಗೆ ಬಿಡಬಹುದು. ಅದಕ್ಕೆ ಕೇಂದ್ರದ ಮಾದಕ ನಿಯಂತ್ರಣ ಬ್ಯೂರೋದ ಮುಖ್ಯಸ್ಥರೋ, ಅವರಿಂದ ಅಧಿಕಾರ ಪಡೆದವರೋ ಬೇಕು. ಅಂದರೆ ನಿಜವಾಗಿ ಇರುವ ಮಾಲಿನ ಬೆನ್ನು ಹತ್ತಲಿಕ್ಕೂ ಮೇಲಿನವರ ಅಪ್ಪಣೆ ಬೇಕು. ಇಲ್ಲದ ಮಾಲನ್ನು ಹುಡುಗನಿಂದ ತರಿಸಲು ಯಾವ ಅಪ್ಪಣೆಯೂ ಬೇಡ! ಈ ವಿಚಿತ್ರವನ್ನು ಶಾಸನಸಭೆಯಲ್ಲಿ ಕೂಡ್ರುವವರು ನೋಡಬಾರದೆ? ಗಾಂಜಾ ಅಮ್ಮಿನಬಾವಿಯ ಅಂಗಡಿಯ ಗಲ್ಲೆಯಲ್ಲಿ ಬೆಳೆಯುವದಿಲ್ಲ. ಒಡಿಶಾ-ಆಂಧ್ರದ ಗುಡ್ಡಗಾಡುಗಳಿಂದ ಮೂಟೆಗಟ್ಟಲೆ ಬರುವಾಗ ಅದರ ಹಿಂದೆ ಬಂಡವಾಳವಿದೆ, ಲಾರಿ-ಮೋಟಾರುಗಳಿವೆ. ಬಂಡವಾಳ ಹಾಕಿದವನು ಚಹದ ಅಂಗಡಿಗೆ ಬಂದು ‘ನೋಡೂಣು’ ಎನ್ನುವವನಲ್ಲ.

ಹಿರಿಯ ಓದುಗರು ಇನ್ನೊಂದು ಕಾಲವನ್ನು ತಮ್ಮ ತಂದೆ-ತಾಯಿಗಳ ಬಾಯಿಂದ ಕೇಳಿರಬಹುದು. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು; 1949ರ ಮುಂಬಯಿ ಪಾನನಿರೋಧ ಕಾಯದೆ ನಮಗೂ ಹತ್ತಿತ್ತು. ಕೊಡದಲ್ಲಿ ಕಳ್ಳಭಟ್ಟಿ ಹೊತ್ತವರು ಸಿಕ್ಕಿಬಿದ್ದರು. ಅದರಿಂದ ಮಾಳಿಗೆ ಕಟ್ಟಿಸಿದವರು ಸಿಗಲಿಲ್ಲ. ಅದೇ ಪಾಠವನ್ನು ಮತ್ತೆ ಕಲಿಯಬೇಕೆ?

ನಮ್ಮ ಬೇಡಿಕೆ

ಕೋರ್ಟಿನ ಬೈಗಳು ಸಾಲದು, ಕಾಯದೆಯ ಕಲಮು ಬೇಕು. ನಮ್ಮ ಬೇಡಿಕೆಗಳು ಇವು.

ಒಂದು: ನಕಲಿ ಗಿರಾಕಿಯನ್ನು ಕಳಿಸುವ ಮುಂಚೆ, ಇಂಥವನು ಮಾರುತ್ತಿದ್ದಾನೆಂಬ ಸಂಶಯಕ್ಕೆ ಇಂಥ ಆಧಾರವಿದೆಯೆಂದು ಬರೆದಿಟ್ಟು ಮೇಲಧಿಕಾರಿಯ ಲಿಖಿತ ಅಪ್ಪಣೆ ಪಡೆಯತಕ್ಕದ್ದು. ಊರಿಗೆಲ್ಲ ಗಾಳ ಹಾಕಿ ಸಿಕ್ಕವನನ್ನು ಎಳೆಯುವದು ನಿಲ್ಲತಕ್ಕದ್ದು.

ಎರಡು: ಮಾಲನ್ನಾಗಲಿ, ತರುವದಕ್ಕೆ ಬೇಕಾದ ಬಂಡವಾಳವನ್ನಾಗಲಿ ಪೋಲೀಸರು ಅಥವಾ ಬಾತ್ಮಿದಾರರು ಒದಗಿಸಬಾರದು. ತೂಕವನ್ನು ಬಲೆ ಒಡ್ಡಿದವನು ಏರಿಸಿದ್ದರೆ ಆ ಏರಿಕೆಯನ್ನು ಶಿಕ್ಷೆಗೆ ಹಿಡಿಯಬಾರದು.

ಮೂರು: ಗಿರಾಕಿಯ ಮೊದಲನೆಯ ಮಾತಿನಿಂದಲೇ ಧ್ವನಿಮುದ್ರಣವಾಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಶೋಧನೆ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಆ ಕ್ಯಾಮರಾ ಸುರುವಾಗುವದು ಬಲೆ ಎಳೆಯುವಾಗ; ಬಲೆ ಹೆಣೆಯುವಾಗ ಅಲ್ಲ. ಹುಡುಗ ಮೂರು ಸಲ ಒಲ್ಲೆನೆಂದದ್ದು ಅದರಲ್ಲಿ ಇರುವದಿಲ್ಲ.

ನಾಲ್ಕು: ಸಾಮಾನ್ಯ ಗಿರಾಕಿಯ ನಡತೆಯನ್ನು ಮೀರಿ ಆಸೆ, ಒತ್ತಾಯ, ಸ್ನೇಹ, ಸಂಕಟಗಳನ್ನು ತೋರಿಸಿ ಅಪರಾಧ ಮಾಡಿಸಿದ್ದು ಕಂಡುಬಂದರೆ ಖಟ್ಲೆಯೇ ನಿಲ್ಲತಕ್ಕದ್ದು. ಮಾಡಿಸಿದವರ ಮೇಲೆ ವಿಚಾರಣೆ ನಡೆಯತಕ್ಕದ್ದು. ದ್ವೇಷದಿಂದ ವಿನಾಕಾರಣ ಶೋಧನೆ, ಬಂಧನ ಮಾಡುವ ಅಧಿಕಾರಿಗೂ ಸುಳ್ಳು ಬಾತ್ಮಿ ಕೊಡುವವನಿಗೂ 58ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಅದರ ಸಾಲಿಗೆ ಇದೂ ಸೇರಲಿ.

ಓದುಗರು ತಿಳಿದಿರಬೇಕಾದದ್ದು

ಕಾಯದೆ ಬದಲಾಗುವವರೆಗೆ ಕೈಕಟ್ಟಿ ಕೂಡ್ರುವಂತಿಲ್ಲ. ಮೈ ಶೋಧಿಸುವ ಮುಂಚೆ, ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧನೆಯಾಗಲಿ ಎನ್ನುವ ಹಕ್ಕು ನಿನಗಿದೆ’ ಎಂದು ಅಧಿಕಾರಿ ಹೇಳಲೇಬೇಕು. ಇದು 50ನೆಯ ಕಲಮು. 1999ರ ಬಲದೇವ್ ಸಿಂಗ್ ಖಟ್ಲೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಗಟ್ಟಿಮಾಡಿದೆ. ಆದರೆ ಇದು ಮೈಮೇಲಿನ ಶೋಧನೆಗೆ ಮಾತ್ರ. ಕೈಯಲ್ಲಿಯ ಚೀಲಕ್ಕೆ ಅನ್ವಯಿಸುವದಿಲ್ಲ. ಆದ್ದರಿಂದ ಅಪರಿಚಿತರ ಚೀಲವನ್ನು ‘ಸ್ವಲ್ಪ ಹೊತ್ತು ಇಟ್ಟುಕೊಳ್ಳಿರಿ’ ಎಂದರೆ ಇಟ್ಟುಕೊಳ್ಳಬೇಡಿರಿ. ತನಿಖೆಯ ಅಧಿಕಾರಿಯ ಮುಂದೆ ಬರೆಸಿಕೊಂಡ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ಬಳಸುವಂತಿಲ್ಲವೆಂದು 2020ರ ತೂಫಾನ್ ಸಿಂಗ್ ಖಟ್ಲೆಯಲ್ಲಿ ತೀರ್ಮಾನವಾಗಿದೆ. ಬಂಧಿಸಿದ ಕಾರಣವನ್ನು ತಿಳಿಸಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೆಯ ಅನುಚ್ಛೇದ. ಬಂಧನದಲ್ಲಿರುವವನಿಗೆ 1987ರ ಕಾಯದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕಿದೆ. ಕೇಳಲು ಸಂಕೋಚಪಡಬಾರದು, ಅದು ದಾನವಲ್ಲ.

ಅಮ್ಮಿನಬಾವಿಯ ಆ ಅಂಗಡಿಕಾರರಿಗೆ ನಾವು ಹೇಳಿಬಂದ ಮಾತು ಇಷ್ಟು. ಆ ಮನುಷ್ಯ ಐದನೆಯ ಸಲ ಬಂದರೆ ಗುಟ್ಟಾಗಿ ಮಾತಾಡಬೇಡಿರಿ. ನಾಲ್ಕು ಜನರನ್ನು ಕೂಗಿ ಕರೆಯಿರಿ, ಅವರ ಮುಂದೆ ಹೆಸರು ಕೇಳಿರಿ. ಇಂಥವನು ಬಂದು ಇಂಥದನ್ನು ಕೇಳಿದನೆಂದು ಠಾಣೆಗೆ ಬರೆದುಕೊಟ್ಟು ಪೋಚು ಪಡೆಯಿರಿ. ಅವನು ಖರೇ ಮಾದಕದವನಾದರೆ ಪೋಲೀಸರಿಗೆ ನಿಜವಾದ ಬಾತ್ಮಿ ಸಿಕ್ಕಂತಾಯಿತು. ಪೋಲೀಸರ ಕಡೆಯವನಾದರೆ ಮತ್ತೆ ಬರಲಾರನು. ಎರಡರಿಂದಲೂ ಊರಿಗೆ ಒಳಿತೇ.

ಹುಡುಗ ಮೂಲೆಯಲ್ಲಿ ನಿಂತು ಲೋಟ ತೊಳೆಯುತ್ತ ಎಲ್ಲವನ್ನೂ ಕೇಳಿದ. ಹೊರಡುವಾಗ ನಮ್ಮನ್ನು ತಡೆದು, "ಮಾಮಾ ಬೈದಾನ, ಅದು ಖರೇ ಐತಿ. ಆದರ ಹಂಗಾಮು ಬರಾತನಾ ನಾ ಏನ ತಿನ್ನಬೇಕ್ರಿ?" ಎಂದ. ಮಾವನ ಪ್ರಶ್ನೆಗೆ ಮೇಲೆ ಒಂದಿಷ್ಟು ಉತ್ತರ ಕೊಟ್ಟಿದ್ದೇವೆ. ಅಳಿಯನ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸರಕಾರ. ಕೆಲಸ ಕೇಳುವ ಕೈಗೆ ಕೆಲಸ ಕೊಡಲಾರದ ಸರಕಾರವು ಅದೇ ಕೈಗೆ ಆಸೆಯ ರೊಕ್ಕವನ್ನು ತೋರಿಸಿ ಬೇಡಿ ಹಾಕುವದಾದರೆ, ಅದನ್ನು ಕಾನೂನಿನ ರಾಜ್ಯವೆಂದು ಕರೆಯಲು ನಾವು ಸಿದ್ಧರಿಲ್ಲ.